ಅಚ್ಚುಮೊಳೆಯ ಕಾಯಕ: ಫ. ಗು. ಹಳಕಟ್ಟಿಯವರ ಬಾಳು

ಶರಣರ ಮಾರ್ಗದಲ್ಲಿ ದಾಸೋಹವು ಹಲವು ಪರಿಯದು. ಹಸಿದವನಿಗೆ ಅನ್ನವನ್ನಿಕ್ಕುವುದು ದಾಸೋಹ. ದಣಿದು ಬಂದ ಜಂಗಮನಿಗೆ ನೆರಳನ್ನೀಯುವುದು ದಾಸೋಹ. ಅರಿವಿಲ್ಲದವನಿಗೆ ಅರಿವಿನ ದಾರಿಯನ್ನು ತೋರುವುದೂ ದಾಸೋಹವೇ. ಈ ಮೂರನೆಯ ದಾಸೋಹಕ್ಕೆ ಒಲೆಯಾಗಲಿ ಪಾತ್ರೆಯಾಗಲಿ ಬೇಕಿಲ್ಲ. ಆದರೆ ಅದನ್ನು ನಡೆಸುವವನ ಮನೆಯ ಒಲೆಯು ಹಲವು ಸಲ ಆರಬೇಕಾಗುತ್ತದೆ. ಇಂದು ನಾವು ಕೈಯಲ್ಲಿ ಹಿಡಿದು ಓದುವ ವಚನಗ್ರಂಥಗಳ ಹಿಂದೆ ಅಂತಹದೊಂದು ಮನೆಯಿದೆ, ಅಂತಹದೊಂದು ಬಾಳಿದೆ. ವಚನಪಿತಾಮಹರೆಂದು ನಾಡು ಕೊಂಡಾಡುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಆ ಬಾಳನ್ನು ನಮ್ಮ ವಾಚಕರ ಮುಂದೆ ಇರಿಸುವುದು ಈ ಲೇಖನದ ಉದ್ದೇಶ.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು, ತಾಯಿ ದಾನಮ್ಮನವರು. ಅದೇ ವರ್ಷ, ಅದೇ ತಿಂಗಳಿನಲ್ಲಿಯೇ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರೂ ಹುಟ್ಟಿದರು. ವಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡವನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಾಪುರವನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ಒಬ್ಬರು ನಾಡನ್ನು ಒಂದುಗೂಡಿಸಲು ಹೊರಟರು, ಇನ್ನೊಬ್ಬರು ಆ ನಾಡಿನ ಮರೆತುಹೋದ ಮಾತನ್ನು ಒಂದುಗೂಡಿಸಲು ಹೊರಟರು. ಎರಡೂ ಒಂದೇ ಕಾರ್ಯದ ಎರಡು ಮುಖಗಳೆಂದು ಭಾವಿಸಿದರೆ ತಪ್ಪಾಗಲಾರದು.

ಪ್ರಾರಂಭದ ಶಿಕ್ಷಣವು ಧಾರವಾಡದಲ್ಲಿ ಮುಗಿದ ಬಳಿಕ ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ 1901ರಲ್ಲಿ ಪದವೀಧರರಾದರು. 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದರು. ಆ ಮಹಾನಗರದಲ್ಲಿ ಗುಜರಾತಿಗಳು, ಮರಾಠಿಗರು ತಮ್ಮ ತಮ್ಮ ಭಾಷೆಯ ಬಗೆಗೆ ತಾಳಿದ್ದ ಅಭಿಮಾನವನ್ನೂ, ತಮ್ಮ ಸಾಧುಸಂತರ ವಾಣಿಯನ್ನು ಅಚ್ಚುಹಾಕಿ ಮನೆಮನೆಗೆ ಮುಟ್ಟಿಸುತ್ತಿದ್ದ ಉತ್ಸಾಹವನ್ನೂ ಅವರು ಕಣ್ಣಾರೆ ಕಂಡರು. ಕನ್ನಡದ ಶರಣರ ವಾಣಿಯು ಮಾತ್ರ ಆಗ ಎಲ್ಲಿದ್ದಿತು? ಮಠಗಳ ಅಟ್ಟದ ಮೇಲೆ, ಹಳೆಯ ಮನೆತನಗಳ ಜಗಲಿಯ ಮೇಲೆ, ವಸ್ತ್ರದಲ್ಲಿ ಸುತ್ತಿದ ತಾಡೋಲೆಯ ಕಟ್ಟುಗಳಲ್ಲಿ. ವರ್ಷಕ್ಕೊಮ್ಮೆ ವಿಭೂತಿ ಹಚ್ಚಿ, ಪತ್ರಿಪುಷ್ಪಗಳನ್ನೇರಿಸಿ ಆ ಕಟ್ಟುಗಳಿಗೆ ಪೂಜೆ ಸಲ್ಲುತ್ತಿದ್ದಿತು. ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಗೊಂಡ ಓಲೆಯನ್ನೂ ಹುಳುವು ತಿನ್ನದೆ ಬಿಡುವುದಿಲ್ಲ.

ಮೊದಲು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದ ಹಳಕಟ್ಟಿಯವರು ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ವಕೀಲಿಯ ವೃತ್ತಿ ಚೆನ್ನಾಗಿ ನಡೆಯಿತು. ಅದರೊಡನೆ ಲೋಕಹಿತದ ಕಾರ್ಯಗಳೂ ಒಂದರ ಮೇಲೊಂದು ಬೆಳೆದವು. 1910ರಲ್ಲಿ ಹುಟ್ಟಿದ ವಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ, 1912ರಲ್ಲಿ ಹುಟ್ಟಿದ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಇವುಗಳ ತಳಹದಿಯಲ್ಲಿ ಅವರ ಶ್ರಮವಿದೆ. 1920ರಲ್ಲಿ ಅವರು ಮುಂಬಯಿ ಶಾಸನ ಸಭೆಯ ಸದಸ್ಯರೂ ಆದರು. ಸರಕಾರವು ರಾವ್ ಸಾಹೇಬ, ರಾವ್ ಬಹಾದ್ದೂರ ಎಂಬ ಬಿರುದುಗಳನ್ನಿತ್ತು ಗೌರವಿಸಿತು. ಇಷ್ಟರಲ್ಲಿಯೇ ನಿಂತಿದ್ದರೆ ಅವರು ವಿಜಾಪುರದ ಗಣ್ಯ ಗೃಹಸ್ಥರಲ್ಲೊಬ್ಬರಾಗಿ, ಸ್ವಂತ ಮನೆಯಲ್ಲಿ ಸುಖವಾಗಿ ಬಾಳಿ, ಮಕ್ಕಳಿಗೆ ಆಸ್ತಿಯನ್ನಿಟ್ಟು ಹೋಗಬಹುದಾಗಿತ್ತು. ಆದರೆ ತಾಡೋಲೆಯು ಅವರನ್ನು ಹಾಗೆ ನಿಲ್ಲಗೊಡಲಿಲ್ಲ.

ರಬಕವಿಯ ಒಂದು ಮನೆತನದಲ್ಲಿ ಅವರಿಗೆ ಕೆಲವು ತಾಡೋಲೆಯ ಕಟ್ಟುಗಳು ಕಾಣಸಿಕ್ಕವೆಂದೂ, ಅವುಗಳಲ್ಲಿಯ ಪ್ರಭುದೇವರ ವಚನಗಳು ಅವರ ಮನಸ್ಸನ್ನು ಸೆರೆಹಿಡಿದವೆಂದೂ ಅವರ ಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ಅಂದಿನಿಂದ ಬಿಡುವು ದೊರೆತಾಗಲೆಲ್ಲ ಊರಿಂದೂರಿಗೆ ಅಲೆದು, ಮಠಾಧಿಪತಿಗಳನ್ನೂ ಗೃಹಸ್ಥರನ್ನೂ ಬೇಡಿ, ಓಲೆಗಳನ್ನು ಸಂಗ್ರಹಿಸುವುದು ಅವರ ವ್ರತವಾಯಿತು. ಕೆಲವರು ಸಂತೋಷದಿಂದ ಕೊಟ್ಟರು. ಕೆಲವರು ಪೂಜೆಯ ವಸ್ತುವನ್ನು ಪರರ ಕೈಗೀಯಲು ಅಂಜಿದರು. ಅಂಜಿದವರ ಮನೆಯಲ್ಲಿಯೇ ಕುಳಿತು ಪ್ರತಿಮಾಡಿಕೊಳ್ಳದೆ ಬೇರೆ ಹಾದಿಯಿರಲಿಲ್ಲ. ಹೀಗೆ 1920ರ ಸುಮಾರಿಗೆ ಅವರ ಬಳಿ ಸಾವಿರದಷ್ಟು ಓಲೆಗ್ರಂಥಗಳು ಕೂಡಿದ್ದುವೆಂದು ಹೇಳುವರು.

ತಾಡೋಲೆಯನ್ನು ಓದುವುದೆಂದರೆ ಅಚ್ಚಾದ ಪುಸ್ತಕವನ್ನು ಓದಿದಂತಲ್ಲ. ಕಂಠದ ಮೊನೆಯಿಂದ ಕೊರೆದ ಅಕ್ಷರಗಳಿಗೆ ಕಪ್ಪನ್ನು ಪೂಸಿದಲ್ಲದೆ ಅವು ಕಣ್ಣಿಗೆ ಕಾಣುವುದಿಲ್ಲ. ಪದ ಪದಕ್ಕೆ ನಡುವೆ ತೆರವಿಲ್ಲ. ಅಲ್ಪವಿರಾಮ ಪೂರ್ಣವಿರಾಮಗಳ ಮಾತೇ ಇಲ್ಲ. ಎಕಾರದ ಹ್ರಸ್ವ ದೀರ್ಘಗಳಿಗೆ, ಒಕಾರದ ಹ್ರಸ್ವ ದೀರ್ಘಗಳಿಗೆ ಬಹುತೇಕ ಭೇದವನ್ನು ತೋರಿಸಿರುವುದಿಲ್ಲ. ಪ್ರತಿ ಮಾಡಿದವನು ನಿದ್ದೆಗಣ್ಣಿನಲ್ಲಿ ಒಂದು ಸಾಲನ್ನು ಬಿಟ್ಟಿರಬಹುದು, ಇಲ್ಲವೆ ಭಕ್ತಿಯ ಭರದಲ್ಲಿ ಒಂದು ಸಾಲನ್ನು ಸೇರಿಸಿರಬಹುದು. ವಚನವು ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಮೊದಲಾಯಿತು ಎಂಬುದನ್ನು ಅಂಕಿತದಿಂದಲೇ ಗುರುತಿಸಬೇಕು. ಆ ಅಂಕಿತವು ಯಾರದೆಂಬುದನ್ನು ಮತ್ತೆ ಹುಡುಕಬೇಕು. ಹಗಲೆಲ್ಲ ನ್ಯಾಯಾಲಯದಲ್ಲಿ ವಾದಿ ಪ್ರತಿವಾದಿಗಳ ಕಾಗದಪತ್ರಗಳನ್ನು ಪರೀಕ್ಷಿಸುತ್ತಿದ್ದ ವಕೀಲರು ಉಳಿದ ಹೊತ್ತಿನಲ್ಲಿ ಈ ಓಲೆಗಳನ್ನು ಅದೇ ಎಚ್ಚರದಿಂದ ಪರೀಕ್ಷಿಸಿದರು. ಬಸವಣ್ಣನವರ ಕೆಲವು ವಚನಗಳನ್ನು ಅವರು ಇಂಗ್ಲಿಷಿಗೆ ತಿರುಗಿಸಿದುದು 1922ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡವನ್ನರಿಯದ ವಿದ್ವಾಂಸರ ಕಿವಿಗೂ ಶರಣರ ಮಾತು ಮುಟ್ಟಿತು.

ಕನ್ನಡಿಗರ ಕೈಗೆ ಅದು ಮುಟ್ಟಬೇಕಾದರೆ ಅಚ್ಚಾಗಬೇಕು. ಇಲ್ಲಿಂದಲೇ ಅವರ ಬಾಳಿನ ಕಠಿಣ ಭಾಗವು ಮೊದಲಾಗುತ್ತದೆ. ಬೇರೆ ಬೇರೆ ಶರಣರ ವಚನಗಳನ್ನು ವಿಷಯಕ್ಕನುಗುಣವಾಗಿ ವಿಂಗಡಿಸಿ, ವಚನಗಳೆಂದರೆ ಬಿಡಿ ಮಾತುಗಳ ರಾಶಿಯಲ್ಲ, ಅವುಗಳಲ್ಲಿ ಒಂದು ವ್ಯವಸ್ಥಿತ ದರ್ಶನವಿದೆ ಎಂದು ತೋರುವ ಗ್ರಂಥವನ್ನು ಅವರು ಸಿದ್ಧಪಡಿಸಿದರು. ಅದುವೇ ವಚನಶಾಸ್ತ್ರಸಾರ. ಹಸ್ತಪ್ರತಿಯು ಮೊದಲು ಮಂಗಳೂರಿನ ಒಂದು ಪ್ರಸಿದ್ಧ ಮುದ್ರಣಾಲಯಕ್ಕೆ ಹೋಯಿತೆಂದೂ, ಅಲ್ಲಿ ಅಚ್ಚಾಗದೆ ಮರಳಿ ಬಂದಿತೆಂದೂ ಹೇಳುತ್ತಾರೆ. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದರ ಮೊದಲನೆಯ ಭಾಗವು ಅಚ್ಚಾಗಿ 1923ರಲ್ಲಿ ಹೊರಬಂದಿತು. ಅದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು ವಚನಸಂಕಲನವು ಅಚ್ಚಾಗಿದ್ದರೂ, ಇಷ್ಟು ಶರಣರ ವಾಣಿಯನ್ನು ಇಷ್ಟು ಕ್ರಮಬದ್ಧವಾಗಿ ಕನ್ನಡಿಗರು ಕಂಡಿರಲಿಲ್ಲ. ಆ ಗ್ರಂಥವು ಬಂದಂದಿನಿಂದ ವಚನಸಾಹಿತ್ಯವೆಂಬ ಮಾತಿಗೆ ಒಂದು ಆಕಾರವು ಬಂದಿತು.

ಒಂದು ಗ್ರಂಥವು ಅಚ್ಚಾದ ಈ ಅನುಭವವು ಅವರಿಗೆ ಒಂದು ಪಾಠವನ್ನು ಕಲಿಸಿರಬೇಕು. ಪರರ ಮುದ್ರಣಾಲಯವನ್ನು ನಂಬಿದವನು ಪರರ ಅನುಕೂಲವನ್ನೂ ಕಾಯಬೇಕಾಗುತ್ತದೆ. ಕರಡಚ್ಚು ಅಂಚೆಯಲ್ಲಿ ಬರಬೇಕು, ತಿದ್ದಿ ಅಂಚೆಯಲ್ಲಿಯೇ ಕಳುಹಬೇಕು. ವಚನಭಾಷೆಯ ಹಳೆಯ ರೂಪಗಳನ್ನು ಕಾಣದ ಮೊಳೆಜೋಡಣೆಯವನು ತನಗೆ ತಿಳಿದಂತೆ ಅವನ್ನು ತಿದ್ದಿಬಿಟ್ಟರೆ ಮತ್ತೆ ತಿದ್ದಬೇಕು. ಮೇಲಾಗಿ, ಮಾರಾಟವಾಗುವ ಪುಸ್ತಕವನ್ನು ಅಚ್ಚುಹಾಕಲು ಯಾರೂ ಮುಂದಾಗುವರು. ನೂರೈವತ್ತು ಮಂದಿ ಕೊಳ್ಳಬಹುದಾದ ಪುಸ್ತಕಕ್ಕೆ ಯಾರು ಮುಂದಾಗುವರು? ಇಂಥ ಪುಸ್ತಕಗಳೇ ತಮ್ಮ ಬಳಿ ಸಾಲುಗಟ್ಟಿ ಕಾದಿವೆಯೆಂಬುದನ್ನು ಅವರು ಬಲ್ಲರು. 1925ರಲ್ಲಿ ಅವರು ವಿಜಾಪುರದಲ್ಲಿ ತಮ್ಮದೇ ಆದ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಇದ್ದ ಸ್ವಂತ ಮನೆಯನ್ನು ಮಾರಿ ಮುದ್ರಣಯಂತ್ರವನ್ನು ತಂದರೆಂಬುದು ಆ ಊರಿನ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದ ಸಂಗತಿ. ಮನೆಯಿಂದ ಅವರು ಬಾಡಿಗೆಯ ಮನೆಗೆ ಹೋದರು. ಶರಣರ ವಾಣಿಯು ಅಟ್ಟದಿಂದ ಇಳಿದು ಅಚ್ಚಿನ ಮನೆಗೆ ಬಂದಿತು.

ಆ ಕಾಲದ ಸಣ್ಣ ಮುದ್ರಣಾಲಯವು ಹೇಗೆ ನಡೆಯುತ್ತಿತ್ತೆಂಬುದನ್ನು ಇಂದಿನ ತರುಣ ವಾಚಕರು ಅರಿಯರು. ಕನ್ನಡಕ್ಕೆ ಮೂಲಾಕ್ಷರಗಳೊಡನೆ ಗುಣಿತಾಕ್ಷರ, ಒತ್ತಕ್ಷರಗಳ ನೂರಾರು ಮೊಳೆಗಳು ಬೇಕು. ಸೀಸದ ಆ ಮೊಳೆಗಳನ್ನು ಮರದ ಗೂಡುಗಳಿಂದ ಒಂದೊಂದಾಗಿ ಆಯ್ದು, ತಲೆಕೆಳಗಾಗಿ ಸಾಲುಗೂಡಿಸಿ, ಪುಟ ಕಟ್ಟಿ, ಮಸಿಹಚ್ಚಿ, ಕರಡು ತೆಗೆದು, ತಿದ್ದಿ, ಮತ್ತೆ ಕರಡು ತೆಗೆದು, ಆ ಬಳಿಕ ಕಾಗದದ ಮೇಲೆ ಒತ್ತಬೇಕು. ಕೆಲವು ಪುಟಗಳು ಅಚ್ಚಾದೊಡನೆ ಆ ಪುಟಗಳನ್ನು ಬಿಚ್ಚಿ, ಮೊಳೆಗಳನ್ನು ಮತ್ತೆ ಅವುಗಳ ಗೂಡುಗಳಿಗೆ ಹಂಚಬೇಕು. ಇಲ್ಲದಿದ್ದರೆ ಮುಂದಿನ ಪುಟಕ್ಕೆ ಮೊಳೆ ಸಾಲದು. ಹೀಗೆ ಅದೇ ಮೊಳೆಯು ಒಂದು ದಿನ ಅಲ್ಲಮಪ್ರಭುಗಳ ಬೆಡಗಿನಲ್ಲಿ ನಿಂತು, ಮರುದಿನ ಯಾವನೋ ಕಾಯಕಜೀವಿಯಾದ ಶರಣನ ನೇರ ನುಡಿಯಲ್ಲಿ ನಿಲ್ಲುತ್ತದೆ. ಮೊಳೆಗೆ ಮೇಲುಕೀಳೆಂಬುದಿಲ್ಲ. ಅನುಭವಮಂಟಪದಲ್ಲಿ ಪೀಠಾಧ್ಯಕ್ಷನ ಮಾತಿಗೂ ಅಂಬಿಗನ ಮಾತಿಗೂ ಒಂದೇ ಸ್ಥಾನವಿದ್ದಂತೆ, ಅಚ್ಚಿನ ಪುಟದಲ್ಲಿಯೂ ಎಲ್ಲ ಶರಣರಿಗೆ ಒಂದೇ ಸ್ಥಾನ ದೊರೆಯಿತು.

ಇದನ್ನು ಕೇವಲ ಉದ್ಯೋಗವೆಂದು ಕರೆಯುವುದು ಸಲ್ಲದು. ಪಾಠವನ್ನು ನಿರ್ಣಯಿಸುವುದು, ವಚನದ ಆದಿ ಅಂತ್ಯಗಳನ್ನು ಗುರುತಿಸುವುದು, ಯಾವ ವಚನದ ಬಳಿಕ ಯಾವ ವಚನ ಬಂದರೆ ಭಾವವು ಬೆಳೆಯುವುದೆಂದು ಗೊತ್ತುಮಾಡುವುದು, ಕರಡಚ್ಚಿನಲ್ಲಿ ಒಂದು ಸೊನ್ನೆಯು ತಪ್ಪದಂತೆ ಕಾಯುವುದು ಇವೆಲ್ಲ ಕೂಡಿದಾಗ ಪ್ರಕಾಶನವು ಒಂದು ಕಲೆಯಾಗುತ್ತದೆ. ಶಿಲ್ಪಿಯು ಕಲ್ಲಿನಲ್ಲಿ ಅಡಗಿದ ಮೂರ್ತಿಯನ್ನು ಹೊರತೆಗೆಯುವಂತೆ ಸಂಪಾದಕನು ಓಲೆಯಲ್ಲಿ ಅಡಗಿದ ನುಡಿಯನ್ನು ಹೊರತೆಗೆಯುತ್ತಾನೆ. ಆದರೆ ಶಿಲ್ಪಿಗೆ ತನ್ನ ಹೆಸರು ಉಳಿಯುವ ಆಸೆಯಿರಬಹುದು. ಸಂಪಾದಕನು ಎಷ್ಟು ಸಮರ್ಥನೋ ಅಷ್ಟು ಅದೃಶ್ಯನಾಗುತ್ತಾನೆ. ಓದುವವನಿಗೆ ಬಸವಣ್ಣನವರು ಕಾಣಬೇಕು, ಹಳಕಟ್ಟಿಯವರು ಕಾಣಬಾರದು. ಕಾಯಕದಲ್ಲಿ ತಾನಳಿಯುವುದೆಂದರೆ ಇದೇ ಅಲ್ಲವೇ?

ಮುದ್ರಣಾಲಯವು ನೆಲೆಗೊಂಡ ಮರುವರ್ಷವೇ, ಎಂದರೆ 1926ರಲ್ಲಿ, ಶಿವಾನುಭವ ಪತ್ರಿಕೆಯು ಹುಟ್ಟಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹುಟ್ಟಿತು. ಮೊದಲನೆಯದು ಶರಣರ ತತ್ತ್ವ, ಚರಿತ್ರೆ, ಸಾಹಿತ್ಯಗಳಿಗೆ ಮೀಸಲಾದುದು. ಎರಡನೆಯದು ನಾಡುನುಡಿಗಳ ಏಳಿಗೆಗೆ ಮುಡಿಪಾದುದು. ಶಿವಾನುಭವವು ಮೂರು ದಶಕಗಳಿಗೂ ಮೀರಿ ನಡೆಯಿತು. ಅದರ ಪುಟಗಳಲ್ಲಿ ಬೆಳಕು ಕಂಡ ಬರಹಗಳು ಮುಂದೆ ಗ್ರಂಥಗಳಾದವು. ಪತ್ರಿಕೆ ನಡೆಸುವುದೆಂದರೆ ತಿಂಗಳು ತಿಂಗಳೂ ತೀರದ ಋಣವನ್ನು ತಲೆಯ ಮೇಲೆ ಹೊರುವುದೇ ಸರಿ. ಕಾಗದದವನಿಗೆ ಕೊಡಬೇಕು, ಮಸಿಯವನಿಗೆ ಕೊಡಬೇಕು, ಕೆಲಸಗಾರರಿಗೆ ಸಂಬಳ ಕೊಡಬೇಕು, ಅಂಚೆಯ ಖರ್ಚು ಬೇರೆ. ಚಂದಾ ಹಣವಾದರೋ ಕೊಡುವವರ ಅನುಕೂಲದಂತೆ ಬರುವುದು. ವಕೀಲಿಯಿಂದ ಬಂದುದೆಲ್ಲ ಅಚ್ಚಿನ ಮನೆಯ ಬಾಗಿಲನ್ನು ಹೊಕ್ಕಿತು. ಓಲೆಗಳ ಮೇಲೆ ಒಲವು ಹೆಚ್ಚಿದಂತೆ ವಕೀಲಿಯೂ ಕಡಿಮೆಯಾಗುತ್ತ ಬಂದಿತು.

1926ನೆಯ ಇಸವಿಯಲ್ಲಿಯೇ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅಟ್ಟದ ಮೇಲಿದ್ದ ವಚನಗಳಿಗೆ ಕನ್ನಡ ಸಾಹಿತ್ಯದ ಸಭೆಯಲ್ಲಿ ಆಸನ ದೊರೆತ ಸುದಿನವದು. 1930ರಲ್ಲಿ ಅವರು ಶೂನ್ಯಸಂಪಾದನೆಯನ್ನು ಸಂಪಾದಿಸಿ ಹೊರತಂದರು. ಪ್ರಭುದೇವರು ಶರಣಸಂಕುಲವನ್ನು ಒಬ್ಬೊಬ್ಬರನ್ನಾಗಿ ಒರೆಗೆ ಹಚ್ಚುವ ಆ ಮಹಾಗ್ರಂಥವು ಅಚ್ಚಿನಲ್ಲಿ ಬಂದುದರಿಂದ, ವಿದ್ವಾಂಸರಿಗೆ ಮಾತ್ರ ಸುಲಭವಾಗಿದ್ದ ಅನುಭಾವದ ಸಂವಾದವು ಸಾಮಾನ್ಯ ಓದುಗನ ಕೈಗೂ ಬಂದಿತು. ಹರಿಹರ ಮಹಾಕವಿಯ ರಗಳೆಗಳನ್ನೂ, ಅನೇಕಾನೇಕ ಶರಣ ಶರಣೆಯರ ವಚನಗಳನ್ನೂ ಅವರು ಒಂದೊಂದಾಗಿ ಪ್ರಕಟಿಸಿದರು. ಅವರಿಗಿಂತ ಮೊದಲು ಸಾಹಿತ್ಯಲೋಕಕ್ಕೆ ಹೆಸರಿನಿಂದ ತಿಳಿದಿದ್ದ ವಚನಕಾರರು ಸುಮಾರು 50 ಮಂದಿ. ಅವರ ಶೋಧದಿಂದ ಆ ಸಂಖ್ಯೆಯು 200ನ್ನು ಮೀರಿತೆಂದು ಎಣಿಸುವರು. ಆ ಹೊಸ ಹೆಸರುಗಳಲ್ಲಿ ಬಹುಪಾಲು ದುಡಿಯುವ ಕೈಗಳ ಹೆಸರುಗಳೆಂಬುದನ್ನು ನಾವು ಮರೆಯಬಾರದು.

ಈ ಹಿರಿಮೆಯ ಬೆಲೆಯನ್ನು ಅವರ ಮನೆಯವರೂ ತೆತ್ತರು. ಪ್ರಖ್ಯಾತ ವಕೀಲರ ಮನೆಯಲ್ಲಿ ಬಡತನವು ಕಾಲಿಟ್ಟಿತು. ಹರಿದ ಕೋಟನ್ನು ಹೊಲಿದು ತೊಟ್ಟು ಅವರು ಓಡಾಡುತ್ತಿದ್ದರೆಂದು ಕಂಡವರು ಹೇಳುತ್ತಿದ್ದರು. ಒಬ್ಬನು ತಾನು ನಂಬಿದ ಆದರ್ಶಕ್ಕಾಗಿ ತಾನು ಉಪವಾಸವಿರುವುದು ತ್ಯಾಗ. ತನ್ನವರೂ ಉಪವಾಸವಿರಬೇಕಾದಾಗ ಆ ತ್ಯಾಗವು ಕಠಿಣ ಪ್ರಶ್ನೆಯಾಗುತ್ತದೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಕಾಯಕವು ದಾಸೋಹಕ್ಕೆ ಸಾಲುವಷ್ಟನ್ನು ತರಬೇಕೆಂಬುದು ಶರಣರ ಹವಣು. ಅವರ ಕಾಯಕವು ಅಷ್ಟನ್ನು ತರಲಿಲ್ಲವೆಂದರೆ, ಕೊರತೆಯು ಕಾಯಕದ್ದೋ, ಅದರ ಫಲವನ್ನು ಉಂಡೂ ಬೆಲೆಯನ್ನು ಕೊಡದ ಸಮಾಜದ್ದೋ? ಒಂದು ಸಂಚಿಕೆಯ ಚಂದಾವನ್ನು ನಾಳೆಗೆ ಮುಂದೂಡಿದ ಪ್ರತಿಯೊಬ್ಬನೂ ಆ ಹರಿದ ಕೋಟಿನ ಒಂದು ಎಳೆಗೆ ಹೊಣೆಗಾರನು. ಈ ಮಾತು ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಆದರೂ ಬಲ್ಲವರು ಅವರ ಬೆಲೆಯನ್ನು ಬಲ್ಲವರಾಗಿದ್ದರು. ಕನ್ನಡದ ಕಣ್ವರೆನಿಸಿದ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಅಲ್ಲಿಯವರು ಅವರನ್ನು ಗೋಲಗುಮ್ಮಟವನ್ನು ನೋಡಲು ಕರೆದರಂತೆ. ತಾವು ಮೊದಲು ನೋಡಬೇಕಾದುದು ವಚನಗುಮ್ಮಟವೆಂದು ಹೇಳಿ ಶ್ರೀಕಂಠಯ್ಯನವರು ಹಳಕಟ್ಟಿಯವರ ಮನೆಗೆ ನಡೆದರೆಂಬ ಕಥೆಯನ್ನು ನಾಡು ಇಂದಿಗೂ ಪ್ರೀತಿಯಿಂದ ಹೇಳುತ್ತದೆ. ಗೋಲಗುಮ್ಮಟದಲ್ಲಿ ಒಮ್ಮೆ ನುಡಿದ ಮಾತು ಹಲವು ಸಲ ಮರುದನಿಗೊಡುತ್ತದೆ. ಆ ಬಾಡಿಗೆಯ ಮನೆಯಿಂದ ಹೊರಟ ಮಾತೂ ಹಾಗೆಯೇ ನಾಡೆಲ್ಲ ಮರುದನಿಗೊಟ್ಟಿತು. 1956ರಲ್ಲಿ, ಕನ್ನಡ ನಾಡು ಒಂದಾದ ವರ್ಷದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1964ನೆಯ ಇಸವಿ ಜೂನ್ 29ರಂದು, 84 ವರ್ಷ ತುಂಬಲು ಇನ್ನು ಮೂರು ದಿನಗಳಿರುವಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಅವರ ಆವೃತ್ತಿಗಳೇ ಕೊನೆಯ ಮಾತೆಂದು ಯಾರೂ ಹೇಳಲಾರರು. ಅವರ ಬಳಿಕ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ವಿವೇಚಿಸಿ, ಶುದ್ಧವಾದ ಪಾಠಗಳನ್ನು ಕೊಟ್ಟರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಂದು ಸರಕಾರವು ಹಲವು ವಿದ್ವಾಂಸರನ್ನು ಕೂಡಿಸಿ ಮಾಡಿದ ಆ ಮಹಾಕಾರ್ಯಕ್ಕೆ ಬುನಾದಿಯಾದುದು ಒಬ್ಬ ವಕೀಲನು ಮನೆಮಾರಿ ತಂದ ಒಂದು ಯಂತ್ರ. ಮೊದಲ ಉಳುಮೆಯಲ್ಲಿ ಕಲ್ಲುಮುಳ್ಳುಗಳು ಉಳಿದಿರಬಹುದು. ಮೊದಲ ಉಳುಮೆಯಿಲ್ಲದೆ ಎರಡನೆಯದಿಲ್ಲ. ಇಂದು ವಿಜಯಪುರವೆಂಬ ಹೆಸರನ್ನು ತಳೆದಿರುವ ಅವರ ಊರಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ, ಅವರ ಹೆಸರಿನ ತಾಂತ್ರಿಕ ಮಹಾವಿದ್ಯಾಲಯವಿದೆ. ಕಲ್ಲಿನ ಕಟ್ಟಡಗಳು ಅವರ ನೆನಪನ್ನು ಕಾಯುತ್ತಿವೆ. ಆದರೆ ಅವರು ಮಾರಿದ ಮನೆಯೇ ಅವರ ನಿಜವಾದ ಸ್ಮಾರಕ.

ಹನ್ನೆರಡನೆಯ ಶತಮಾನದಲ್ಲಿ ಶಾಂತರಸನೆಂಬ ಶರಣನು ವಚನಭಂಡಾರದ ಕಾವಲುಗಾರನಾಗಿದ್ದನೆಂದು ಪರಂಪರೆಯು ನುಡಿಯುತ್ತದೆ. ಕಲ್ಯಾಣವು ಕದಡಿದಾಗ ವಚನದ ಕಟ್ಟುಗಳನ್ನು ಹೊತ್ತು ಶರಣರು ಉಳವಿಯತ್ತ ನಡೆದರೆಂದೂ ಅದು ಹೇಳುತ್ತದೆ. ಭಂಡಾರವನ್ನು ಕಾಯುವ ರೀತಿ ಎರಡು: ಬಾಗಿಲು ಮುಚ್ಚಿ ಕಾಯುವುದು ಒಂದು, ಬಾಗಿಲು ತೆರೆದು ಹಂಚಿ ಕಾಯುವುದು ಮತ್ತೊಂದು. ಮುಚ್ಚಿಟ್ಟ ಓಲೆಯನ್ನು ಒಂದು ಕಿಡಿಯು ಸುಡಬಲ್ಲದು, ಒಂದು ಹುಳು ತಿನ್ನಬಲ್ಲದು. ಐನೂರು ಮನೆಗಳಿಗೆ ಹಂಚಿಹೋದ ಮಾತನ್ನು ಯಾವ ಕಿಡಿಯೂ ಸುಡಲಾರದು. ಹಳಕಟ್ಟಿಯವರು ಎರಡನೆಯ ರೀತಿಯ ಭಂಡಾರಿಗಳು. ಅವರ ಮುದ್ರಣಾಲಯವು ಸಣ್ಣದು, ಅವರ ಪ್ರತಿಗಳು ಕಡಿಮೆ, ಅವರ ಗಳಿಕೆ ಶೂನ್ಯ. ಆದರೆ ಯಾರ ಅಪ್ಪಣೆಗೂ ಕಾಯದೆ, ಯಾರ ಲಾಭಕ್ಕೂ ಮಣಿಯದೆ, ತಮಗೆ ಸತ್ಯವೆಂದು ತೋರಿದುದನ್ನು ತಮ್ಮ ಕೈಯಿಂದಲೇ ಅಚ್ಚುಹಾಕಿ ನಾಡಿಗಿತ್ತ ಸ್ವಾತಂತ್ರ್ಯವು ಅವರದು. ಆ ಸ್ವಾತಂತ್ರ್ಯಕ್ಕೆ ಬೆಲೆಯಿತ್ತವರು ಅವರು, ಅದರ ಫಲವನ್ನು ಉಣ್ಣುತ್ತಿರುವವರು ನಾವು.

ನಮ್ಮ ಮನೆಯ ಜಗಲಿಯ ಮೇಲಿರುವ ವಚನಗ್ರಂಥವನ್ನು ಇಂದು ಕೆಳಗಿಳಿಸೋಣ. ಧೂಳನ್ನು ಕೊಡವಿ, ಒಂದು ವಚನವನ್ನಾದರೂ ಓದಿ, ಪಕ್ಕದವರಿಗೆ ಓದಿ ಹೇಳೋಣ. ಆ ಹಿರಿಯ ಜೀವಕ್ಕೆ ಸಲ್ಲಬೇಕಾದ ಪೂಜೆಯು ಇದೊಂದೇ.